ತಿಪ್ಪೇಶ ನಿಂತಿದ್ದ ಜಾಗ

ನೆರಳು ಜಾಸ್ತಿ ಆಗ್ಬುಡ್ತೇನೋ.

ಶಿರಾ ಬುಟ್ಟಾಗ್ನಿಂದ ತಿಪ್ಪೇಶನ ತಲೇಲಿ ಇದೊಂದೇ. ಮೊಣಕಾಲ ಸಂದೀಲಿ ಪಾರ್ಸಲ್ಲು ನಿಲ್ಲಿಸ್ಕೊಂಡು ಎರಡೂ ಕೈಲಿ ತಬ್ಕೊಂಡು ಕೂತಿದ್ದ. ಬಸ್ಸು ಗುಂಡಿಗೆ ಇಳಿದಾಗೆಲ್ಲ ಅದರ ಮೂಲೆ ಬಂದು ಗಲ್ಲಕ್ಕೆ ತಿವೀತಿತ್ತು. ತಿವೀಲಿ ಅಂತ ಬುಟ್ಟಿದ್ದ. ಮೂಲೆ ಮುರಿಯೋದಕ್ಕಿಂತ ಗಲ್ಲ ಊದಿದ್ರೆ ವಾಸಿ.

ಪಕ್ಕದಲ್ಲಿ ಕಳ್ಳೆಕಾಯಿ ಚೀಲ ಮಡಿಲಲ್ಲಿ ಇಟ್ಕೊಂಡು ಒಬ್ಬಳು ಮುದುಕಿ ಕೂತಿದ್ಲು. ಎಷ್ಟೊತ್ತು ಅಂತ ತಡ್ಕೊಂತಾಳೆ, ಪಾಪ.

"ಕನ್ನಡೀನೇನಪ್ಪ ಅದು?"

"ಅಲ್ಲಮ್ಮ. ಫೋಟೋ."

"ಅಯ್ಯೋ ಶಿವನೇ. ಯಾರು ಹೋದ್ರು?"

"ಯಾರೂ ಹೋಗಿಲ್ಲ. ಎಲ್ಲಾರೂ ಅವ್ರೆ."

"ಇರೋರ್ದು ಇಷ್ಟು ದೊಡ್ಡದಾಗಿ ಯಾರು ಮಾಡಿಸ್ತಾರೆ?" ಅಂದು ಆಯಮ್ಮ ಕಿಟಕಿ ಕಡೆ ತಿರುಗಿಬುಟ್ಲು. ಬಡವನಹಳ್ಳೀಲಿ ಇಳಿಯೋವಾಗ ಪಾರ್ಸಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡ್ಲು. ಅವಳ ಲೆಕ್ಕದಲ್ಲಿ ಯಾರೋ ಹೋಗಿದ್ರು, ಈ ಹೈದ ಸುಳ್ಳು ಹೇಳ್ತಾವ್ನೆ ಅಷ್ಟೇ.

ತಿಪ್ಪೇಶನಿಗೆ ನಗು ಬಂತು. ನಗೋಕೆ ಅವನಿಗೇನು ಕಷ್ಟ ಇರ್ಲಿಲ್ಲ. ಅವತ್ತು ಮಧುಗಿರಿ ಬೆಟ್ಟದ ಹಿಂದಿನ ಲೇಔಟಲ್ಲಿ ಅವನದೇ ಹೊಸ ಮನೆ ಒಕ್ಕಲು. ಬಿಳೀ ಅಂಗಿ, ಇಸ್ತ್ರಿ ಮಾಡಿದ್ದು. ಶಿರಾದ ಫೋಟೋ ಲ್ಯಾಬಿನೋನು "ಪಕ್ಕಾ ಪ್ಯಾಕಿಂಗ್ ಸಾಬ್, ದಾರೀಲಿ ಬಿಚ್ಚಬ್ಯಾಡಿ, ಗ್ಲಾಸಿಗೆ ಗೀರು ಬೀಳ್ತದೆ" ಅಂತ ಹೇಳಿ ಕಳ್ಸಿದ್ದ. ಬಿಚ್ಚೋ ಅಗತ್ಯ ಏನಿತ್ತು? ಒಳಗೇನೈತೆ ಅಂತ ಅವನಿಗೆ ಕೂದಲು ಕೂದಲೂ ಗೊತ್ತಿತ್ತು.

ಈ ತಿಪ್ಪೇಶ ಎಮ್ಮೆಸ್ಸಿ ಫಿಜಿಕ್ಸು. ಶಿರಾ, ಕೊರಟಗೆರೆ, ಪಾವಗಡ ಅಂತ ಕಾಲೇಜು ಕಾಲೇಜು ಅತಿಥಿ ಉಪನ್ಯಾಸಕ ಆಗಿದ್ದೋನು. ಪ್ರತಿ ವರ್ಷ ಕಾಲೇಜು ಶುರುವಾದಾಗ ಅತಿಥಿ, ಮುಗಿದಾಗ ಅತಿಥಿ. ಒಂದಿನ ಸಾಕು ಅನ್ನಿಸ್ತು. ಜಗಳ ಇಲ್ಲ, ಬೇಜಾರಿಲ್ಲ, ಮಧುಗಿರೀಲಿ ಬಸ್ ಸ್ಟ್ಯಾಂಡ್ ಹತ್ರ ಒಂದು ಮಳಿಗೆ ಹಿಡಿದು ಕಂಪ್ಯೂಟರ್ ಮುಂದೆ ಕೂತ. ಫ್ಲೆಕ್ಸು, ಲಗ್ನಪತ್ರಿಕೆ, ಮದ್ವೆ ಆಲ್ಬಂ. ಅಂಗಡಿಗೆ ಹೆಂಡ್ತಿ ಹೆಸರು. ಸಹನಾ ಡಿಜಿಟಲ್ಸ್. ಬಂದೋರು ಅವನನ್ನೇ "ಸಹನಾ ಅಣ್ಣ" ಅಂತಿದ್ರು. ಅದಕ್ಕೂ ಅವನು ಓಗೊಡ್ತಿದ್ದ.

ಅವನ ಕೈ ಗುಣ ಇದ್ದದ್ದು ಪಾಪ್-ಔಟಲ್ಲಿ. ನೋಡಿರ್ತೀರ ನೀವು, ಆಲ್ಬಮ್ಮಿನಲ್ಲಿ ಮದ್ವೆಗಂಡು ಚೌಕಟ್ಟು ದಾಟಿ ನಮ್ಮ ಕಡೇಕೇ ನಡ್ಕೊಂಡು ಬರೋ ಹಂಗೆ ಮಾಡಿರ್ತಾರಲ್ಲ, ಅದು. ಮೊದ್ಲು ಆ ಮನುಷ್ಯನ್ನ ಅವನಿರೋ ಜಾಗದಿಂದ ಕತ್ತರಿಸ್ಬೇಕು. ಕಿವಿ, ಮೀಸೆ, ಪೇಟದ ಗರಿ, ಒಂದೂ ಬುಡಂಗಿಲ್ಲ. ಆಮೇಲೆ ಅವನ ಸುತ್ತ ಒಂದು ಬಿಳೀ ಚೌಕಟ್ಟು ಎಳೀಬೇಕು. ಅರ್ಧ ಮೈ ಅದರ ಒಳಗೆ, ಅರ್ಧ ಈಚೆ. ಕೊನೇಲಿ ನೆರಳು. ನೆರಳು ಕೊಡದೆ ಇದ್ರೆ ಗೋಂದು ಹಾಕಿ ಅಂಟಿಸಿದಂಗೆ ಕಾಣ್ತಾನೆ. ಹದವಾಗಿ ಕೊಟ್ರೆ ಎದ್ದು ಬರ್ತಾನೆ.

ನಾಲ್ಕು ತಾಲ್ಲೂಕಿನ ಗಂಡುಗಳನ್ನ ಅವನು ಇಂಗೆ ಆಚೆ ತಂದಿದ್ದ. ತಂದ ಮೇಲೆ ಅವ್ರು ಎಲ್ಲಿಗೂ ಹೋಗ್ಲಿಲ್ಲ, ಅದು ಬೇರೆ ಮಾತು.

ಇನ್ನೊಂದು ಕೆಲ್ಸ ಐತೆ, ಅದು ಯಾರ ಕಣ್ಣಿಗೂ ಬೀಳಲ್ಲ. ಕತ್ತರಿಸಿ ತೆಗೆದ ಮೇಲೆ ಹಿಂದುಗಡೆ ಆ ಮನುಷ್ಯನ ಆಕಾರದ್ದೇ ಒಂದು ತೂತು ಉಳೀತೈತೆ. ಅದನ್ನ ತುಂಬ್ಬೇಕು. ತುಂಬಕ್ಕೆ ತಲೆ ಕೆಡಿಸ್ಕೊಳ್ಳೋದು ಬೇಡ, ಸಾಫ್ಟ್‌ವೇರಿಗೆ ಹೇಳಿದ್ರೆ ಅದೇ ಅಕ್ಕಪಕ್ಕ ನೋಡ್ಕೊಂಡು ಗೋಡೆ ಇದ್ದ ಕಡೆ ಗೋಡೆ, ಸೀರೆ ಇದ್ದ ಕಡೆ ಸೀರೆ ಎಳ್ಕೊಂಡು ಬಂದು ಮುಚ್ಚಿಬುಡ್ತೈತೆ. ಅಲ್ಲಿ ಒಬ್ಬ ನಿಂತಿದ್ದ ಅಂತ ಆಣೆ ಮಾಡಿ ಹೇಳಿದ್ರೂ ಯಾರೂ ನಂಬಲ್ಲ.

ಬಾಗ್ಲು ನಿಲ್ಲಿಸಿದ ದಿನ ಹೊಸ ಗೋಡೆ ಮುಂದೆ ಎಲ್ಲಾರೂ ನಿಂತು ತೆಗೆಸಿಕೊಂಡ ಫೋಟೋ ಒಂದಿತ್ತು. ಗಾರೆ ಕೆಲ್ಸದ ರುದ್ರಯ್ಯನ ಕೈಗೆ ಮೊಬೈಲ್ ಕೊಟ್ಟು ತೆಗೆಸಿದ್ದು. ಮಧ್ಯದಲ್ಲಿ ತಿಪ್ಪೇಶ. ಎಡಕ್ಕೆ ಹೆಂಡ್ತಿ ಸಹನಾ, ಬಲಕ್ಕೆ ಮಗಳು ಲೋಹಿತಾ. ಆ ಕೊನೇಲಿ ಮಾವ ಚಿಕ್ಕನರಸಯ್ಯ, ರಿಟೈರ್ಡ್ ಹೆಡ್ಮಾಸ್ಟ್ರು, ಪಕ್ಕದಲ್ಲಿ ಅತ್ತೆ ದಾಸಮ್ಮ. ಹಿಂದುಗಡೆ, ತಿಪ್ಪೇಶನ ಬೆನ್ನಿಗೆ ಅರ್ಧ ಮರೆಯಾಗಿ ಬಾಮೈದ ಕಿರಣ್ ಕುಮಾರ.

"ಇದನ್ನೇ ದೊಡ್ಡದು ಮಾಡ್ಸಿ. ನಡುಮನೇಲಿ ಹಾಕಣ" ಅಂದಿದ್ಲು ಸಹನಾ. ಅಂಗಡಿಗೆ ಬಂದು ಅವನ ಪಕ್ಕದ ಸ್ಟೂಲ್ ಮೇಲೆ ಕೂತಿದ್ಲು. ಪ್ರೈಮರಿ ಸ್ಕೂಲ್ ಟೀಚರು, ಕೂತ ಕಡೇನೇ ಕ್ಲಾಸು ನಡೆಸೋಳು. "ಎಲ್ಲಾರನ್ನೂ ಆಚೆ ತನ್ನಿ."

ತಂದು ನೋಡಿದ. ಲಗೇಜ್ ಆಟೋದಿಂದ ಜನ ಉದುರಿದಂಗೆ ಕಾಣ್ತು.

"ಒಬ್ರನ್ನೇ ತರಬೇಕು. ಇಲ್ಲಾಂದ್ರೆ ಎಫೆಕ್ಟು ಬರಲ್ಲ" ಅಂದ. "ಮಾವನ್ನ ತರ್ಲಾ?"

"ಅಪ್ಪನ್ನ ಯಾಕೆ? ಮನೆ ಯಜಮಾನ ನೀವಲ್ವಾ? ನೀವೇ ಬನ್ನಿ ಆಚೆ."

ಅವಳೇನೋ ಮೊಬೈಲ್ ನೋಡ್ತಾ ಹೇಳಿದ್ಲು. ಇವನಿಗೆ ಮಾತ್ರ ಎದೇಲಿ ಏನೋ ಒಂದು ಸರ್ರಂತ ಸರೀತು.

ಯಾಕೇಂದ್ರೆ, ಮನೆ ಅವನದು ಅಂದೆನಲ್ಲ, ಅದು ಹೆಂಗೆ ಅವನದು? ಸೈಟು ಮಾವನದು. ಸಾಲ ಸಹನಾ ಸಂಬಳದ ಮೇಲೆ. ವೈರಿಂಗು, ನಲ್ಲಿ, ಟೈಲ್ಸು ಎಲ್ಲ ಕಿರಣ್ ಕುಮಾರನ ಓಡಾಟ. ತಿಪ್ಪೇಶನ್ನ ಒಂದೇ ಒಂದ್ಸಲ ಕೇಳಿದ್ರು, ಒಳಗೋಡೆಗೆ ಯಾವ ಬಣ್ಣ ಅಂತ. ತಿಳಿ ಹಳದಿ ಅಂದ. ಹಸಿರು ಹೊಡೆಸಿದ್ರು. ಹಸಿರೂ ಚೆನ್ನಾಗೇ ಇತ್ತು. ಅವನಿಗೆ ಯಾವುದೂ ಚೆನ್ನಾಗಿರ್ಲಿಲ್ಲ ಅಂತ ಇರ್ಲೇ ಇಲ್ಲ, ಅದೇ ಅವನ ಜಾತಕ. ಕೇಳದೆ ಇದ್ರೆ ಹಿತ, ಕೇಳಿದ್ರೆ ಗಾಬರಿ.

ಆದ್ರೆ ಈ ಫೋಟೋ ಅವನಿಗೆ ಬೇಕಾಗಿತ್ತು. ಬೇಕು ಅಂತ ಅನ್ನಿಸಿದ್ದೇ ಬಲು ವರ್ಷದ ಮೇಲೆ. ಗೋಡೆ ಮೇಲೆ ನೋಡಿದೋರು ಒಂದ್ಸಲಿ, ಬಾಯ್ಬುಟ್ಟು, "ಓ, ಇವ್ರ ಮನೆ ಇದು" ಅನ್ಲಿ. ಅಷ್ಟೇ. ಆಮೇಲೆ ಅವ್ರವ್ರ ದಾರಿ ಅವ್ರು ಹಿಡೀಲಿ.

ಬೇರೆ ಕೆಲ್ಸ ಎಲ್ಲ ಬುಟ್ಟು ತನ್ನನ್ನ ತಾನೇ ಕತ್ತರಿಸ್ಕೊಂತಾ ಕೂತ. ಊರೋರ ಕಿವೀನೆಲ್ಲ ಬಿಡಿಸಿದೋನಿಗೆ ತನ್ನ ಕಿವಿ ಹಿಂಗೈತೆ ಅಂತ ಅವತ್ತೇ ಗೊತ್ತಾಗಿದ್ದು. ಬೇರೆ ಯಾರೋ ಗಿರಾಕಿ ಕಿವಿ ಇದ್ದಂಗಿತ್ತು. ಹೊಟ್ಟೆ ಚೂರು ಒಳೀಕೆ ತಳ್ಳಿದ. ಚೌಕಟ್ಟಿನ ಮೇಲೆ ಕೈ ಊರಿ ಈಚೆ ಬಗ್ಗಿದಂಗೆ ಕೂರಿಸ್ದ. ಹಿಂದಿನ ತೂತು ತುಂಬಿಸ್ದ.

ತುಂಬಿದ್ದು ಎಷ್ಟು ಚೆಂದ ಇತ್ತು ಅಂದ್ರೆ, ಅದನ್ನೇ ಬೇರೆ ಒಂದು ಫೈಲ್ ಮಾಡಿ ಇಟ್ಕೊಂಡ. ಕುಶಾಲಿಗೆ. ಕೆಲ್ಸಗಾರನಿಗೆ ಇರ್ತೈತಲ್ಲ ಅಂಥದ್ದೊಂದು ಚಪಲ. ಹೆಸರು ಏನಿಟ್ಟ? ಮನೆ ಫೈನಲ್. ಇನ್ನೊಂದಕ್ಕೂ ಅದೇ ಹೆಸರು, ಮುಂದೆ ಒಂದು ಎರಡು ಅಂತ. ಶಿರಾಗೆ ಕಳಿಸೋವಾಗ ಊಟದ ಹೊತ್ತಾಗಿತ್ತು.

ಲೇಔಟಿಗೆ ಬಂದಾಗ ಶಾಮಿಯಾನ ಹಾಕಿದ್ರು. ತುಮಕೂರಿನಿಂದ ಬಂದಿದ್ದ ಉಪಾಸಕರು ಬುದ್ಧ ವಂದನೆ ಮುಗಿಸಿ ನೀರು ಕುಡೀತಾ ಕೂತಿದ್ರು. ನಡುಮನೇಲಿ ಬುದ್ಧನ ಫೋಟೋ, ಬಾಬಾಸಾಹೇಬ್ರ ಫೋಟೋ, ಮುಂದೆ ಮೇಣದಬತ್ತಿ. ಎದುರುಗಡೆ ಗೋಡೆ ಖಾಲಿ. ಎರಡು ಮೊಳೆ ಆಗ್ಲೇ ಹೊಡೆದಿದ್ರು.

ಹೋಮ ಗೀಮ ಏನೂ ಕೂಡದು ಅಂತ ಹೆಡ್ಮಾಸ್ಟ್ರ ಕಟ್ಟಪ್ಪಣೆ. ಆದ್ರೆ ಹಿತ್ತಲಲ್ಲಿ ದಾಸಮ್ಮ ಮೂರು ಇಟ್ಟಿಗೆ ಇಟ್ಟು, ಸೆರಗು ಅಡ್ಡ ಹಿಡ್ಕೊಂಡು ಹಾಲು ಉಕ್ಕಿಸ್ತಾ ಇದ್ಲು. ಪಾವಗಡದ ಕಡೆ ಹೆಂಗ್ಸು, ಬಾಯಲ್ಲಿ ಅರ್ಧ ತೆಲುಗು. ಅಳಿಯನ್ನ ಕಂಡು ಬೆಚ್ಚಿಬಿದ್ಲು.

"ಏಮಯ್ಯಾ ಅಲ್ಲುಡಾ, ಬೆಕ್ಕಿನಂಗೆ ಬರ್ತೀಯಲ್ಲ! ಕಾಲು ಸಪ್ಪಳ ಮಾಡ್ಬಾರ್ದಾ?"

"ಮಾವ ನೋಡಿದ್ರೆ ಅತ್ತೆ?"

"ನೋಡ್ಲಿ. ಬುದ್ಧನಿಗೆ ಪಾಯಸ ಕೊಟ್ಟು ಬದುಕಿಸಿದ್ದು ಹೆಂಗ್ಸೇ ಅಲ್ವೇನಯ್ಯ? ನಿಮ್ಮಾವ ಕೊಟ್ಟಿದ್ನಾ?" ಹಾಲು ಉಕ್ತು. ಮೂಡಲ ಕಡೇಕೆ ಉಕ್ತು. ಆಯಮ್ಮನ ಮುಖದಲ್ಲಿ ಬೆಳಕು. "ನೀನು ನೋಡಿಲ್ಲ."

"ನೋಡಿಲ್ಲ" ಅಂದ ತಿಪ್ಪೇಶ. ಅವನಿಗೆ ಅದು ಕಷ್ಟದ ಕೆಲ್ಸ ಅಲ್ಲ.

ಒಳಗೆ ಕಿರಣ್ ಕುಮಾರ ಪಾರ್ಸಲ್ಲು ಗೋಡೆಗೆ ಒರಗಿಸಿಬುಟ್ಟಿದ್ದ. ಜನ ಸೇರ್ತಾ ಇದ್ರು. ಹೆಡ್ಮಾಸ್ಟ್ರು ಗಂಟಲು ಸರಿ ಮಾಡ್ಕೊಂಡ್ರು. ಪ್ರಾರ್ಥನೆಗೆ ನಿಲ್ಲಿಸಿದಂಗೆ ಮನೆ ಗಪ್ ಚುಪ್.

"ನಮ್ಮ ತಿಪ್ಪೇಶು ಏನೋ ತಂದವ್ನೆ. ತ್ರೀಡಿ ಅಂತೆ. ಗೋಡೆಯಿಂದ ಎದ್ದು ಬರೋ ಫೋಟೋ. ಬಿಚ್ಲಾ ಕಿರಣ."

ಕಿರಣ ವೈರ್ ಕತ್ತರಿಸೋ ಕಟ್ಟರಲ್ಲೇ ಟೇಪು ಕೊಯ್ದ. ಗುಳ್ಳೆ ಪ್ಲಾಸ್ಟಿಕ್ಕು ಸುಲಿದ. ಎತ್ತಿ ಮೊಳೆಗೆ ಹಾಕಿ ಹಿಂದೆ ಸರಿದ.

ತಿಪ್ಪೇಶ ಮೊದ್ಲು ನೆರಳು ನೋಡ್ದ. ನೆರಳು ಇರ್ಲಿಲ್ಲ. ಆಮೇಲೆ ಬಿಳೀ ಚೌಕಟ್ಟು ನೋಡ್ದ. ಇರ್ಲಿಲ್ಲ. ಆಮೇಲೆ ತನ್ನನ್ನ ಹುಡುಕ್ದ.

ಸಿಮೆಂಟು ಗೋಡೆ ಇತ್ತು. ಸಹನಾ ಸೆರಗು ಇಲ್ಲದ ಗಾಳೀಗೆ ಚೂರು ಬಲಕ್ಕೆ ಹಾರಿತ್ತು. ಹಿಂದುಗಡೆ ಕಿರಣ್ ಕುಮಾರನಿಗೆ ಪೂರ್ತಿ ಭುಜ, ಪೂರ್ತಿ ತೋಳು ಬಂದಿತ್ತು. ಎಲ್ಲಾರೂ ನಗ್ತಾ ಇದ್ರು. ಯಾರ ಮುಖದಲ್ಲೂ ಏನೂ ಕಮ್ಮಿ ಆಗಿರ್ಲಿಲ್ಲ.

ಆಮೇಲೆ, ನಂಬ್ತೀರೋ ಇಲ್ವೋ, ಹಗುರ ಆಯ್ತು. ದೂರದಿಂದ ಹೊತ್ತು ತಂದ ಮೂಟೇನ ಯಾರೋ ಕೇಳದೇನೇ ಇಳಿಸಿಕೊಂಡಂಗೆ.

"ಓ..." ಅಂತು ಮನೆ. ಯಾರೋ ಚಪ್ಪಾಳೆ ತಟ್ಟಿದ್ರು.

"ಎಲ್ಲೋ ತ್ರೀಡಿ?" ಅಂತ ಹೆಡ್ಮಾಸ್ಟ್ರು ಕನ್ನಡಕ ಎತ್ತಿ ನೋಡಿದ್ರು.

"ಅಪ್ಪ, ಹತ್ರದಿಂದ ಕಾಣಲ್ಲ. ಚೂರು ಹಿಂದಿಕ್ಕೆ ನಿಂತು ನೋಡು" ಅಂದ ಕಿರಣ.

ಎಲ್ಲಾರೂ ಹಿಂದಿಕ್ಕೆ ಹೋದ್ರು. ಒಬ್ರ ಕಾಲು ಒಬ್ರು ತುಳಿದು, ಕಣ್ಣು ಕಿರಿದು ಮಾಡ್ಕೊಂಡು ನಿಂತ್ರು.

"ಹೂಂ ಕಣ್ಲಾ! ಬರ್ತಾವ್ರೆ!"

"ದಾಸಮ್ಮಕ್ಕ ಅಂತೂ ಈಗ ಮಾತಾಡ್ತಾಳೆ ಅಂಗವ್ಳೆ!"

"ತಿಪ್ಪೇಶಣ್ಣನ ಕೈ ಅಂದ್ರೆ ಸುಮ್ನೇನಾ?"

ತಿಪ್ಪೇಶ ತಲೆ ಬಗ್ಗಿಸಿ ಹೊಗಳಿಕೆ ಇಸ್ಕೊಂಡ.

ಗ್ರೂಪ್ ಫೋಟೋ ಕೊಟ್ರೆ ಮನುಷ್ಯ ಮೊದ್ಲು ಹುಡುಕೋದು ತನ್ನ ಮೂತೀನೇ. ಸಿಕ್ತು ಅಂದ್ರೆ ಅಲ್ಲಿಗೆ ಫೋಟೋ ನೋಡೋದು ಮುಗೀತು. ಇದು ಅವನಿಗೆ ಅಂಗಡೀಲಿ ದಿನಾ ಕಂಡ ಸಂಗತಿ. ಆದ್ರೂ ಕಾಯ್ತಾ ನಿಂತ. ಯಾರು ಕೇಳ್ತಾರೆ ನೋಡಣ ಅಂತ. ಗಾಳಕ್ಕೆ ಎರೆ ಹಾಕಿ ಕೂತೋನ ಹಂಗೆ ತಮಾಷೇನೂ ಆಗ್ತಿತ್ತು ಅವನಿಗೆ.

ಲೋಹಿತಾ ಬಂದ್ಲು. ಫೋಟೋ ಮುಂದೆ ನಿಂತು ತುಟಿ ಉಬ್ಬಿಸಿದ್ಲು.

"ಅಪ್ಪಾ, ನನ್ನ ಒಂದು ಜಡೆ ಮುಂದೈತೆ, ಒಂದು ಹಿಂದೈತೆ. ಸರಿ ಮಾಡಕ್ಕೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು ಕಣಮ್ಮ."

"ಮತ್ತೆ?"

"ಬೇರೆ ಏನಾದ್ರೂ ಕಾಣ್ತೈತಾ ನೋಡು."

ನೋಡಿದ್ಲು. "ಅಜ್ಜಿ ಮೂಗುಬಟ್ಟು ಹೊಳೀತೈತೆ" ಅಂದು ಓಡಿದ್ಲು.

ಕಿರಣ ಬಂದು ಭಾವನ ಹೆಗಲ ಮೇಲೆ ಕೈ ಹಾಕ್ದ. "ಭಾವ, ನನ್ನ ತೋಳು ಏನ್ ಮಾಡಿದೀರ! ಜಿಮ್ಮಿಗೆ ಹೋದೋನ ತರ ಐತೆ."

"ನಾನೇನೂ ಮಾಡಿಲ್ಲ. ಅದೇ ಮಾಡ್ಕೊಂಡಿದ್ದು."

"ಸುಮ್ನಿರಿ. ಗ್ರೂಪಿಗೆ ಹಾಕ್ತೀನಿ."

ಹಾಕೇಬುಟ್ಟ. ಅಲ್ಲೇ ಎಲ್ಲಾರ ಮೊಬೈಲೂ ಟಿಂಗ್ ಅಂದ್ವು. ತಿಪ್ಪೇಶನದೂ ಅಂತು.

ಕೇಳೋರು ಇದ್ರು, ಇರ್ಲಿಲ್ಲ ಅಂತಲ್ಲ. ಹೆಡ್ಮಾಸ್ಟ್ರ ಜೊತೆ ಕೆಲ್ಸ ಮಾಡಿದ್ದ ಶಂಕರಲಿಂಗಪ್ಪ ಮೇಷ್ಟ್ರು ಕೋಲು ಊರ್ಕೊಂಡು ಬಂದು ಫೋಟೋ ಮುಂದೆ ನಿಂತ್ರು. ಆಯಪ್ಪ ಹಾಜರಿ ತಗೊಳ್ಳೋ ಮನುಷ್ಯ. ಒಬ್ಬೊಬ್ರ ಮೇಲೂ ಬೆರಳಿಟ್ಟು ಹೆಸರು ಹೇಳ್ತಾ ಬಂದ್ರು. ಹೇಳಿ ಮುಗಿಸಿ ಹಿಂದಿಕ್ಕೆ ತಿರುಗಿದ್ರು.

"ಅಲ್ರೀ ಹೆಡ್ಮಾಸ್ಟ್ರೇ, ಅಳಿಯಂದ್ರು ಎಲ್ಲಿ? ಕಾಣೋದೇ ಇಲ್ವಲ್ಲ?"

ಇದೇ ಗಳಿಗೆ ಬೇಕು ಅಂತ ಕಾಯ್ತಿದ್ನೋ, ಬೇಡ ಅಂತ ಕಾಯ್ತಿದ್ನೋ, ತಿಪ್ಪೇಶನಿಗೇ ತಿಳೀಲಿಲ್ಲ.

ಹೆಡ್ಮಾಸ್ಟ್ರು ಫೋಟೋ ನೋಡಿದ್ರು. ಯೋಚ್ನೆ ಮಾಡಿದ್ರು. ಆಮೇಲೆ ದಡ್ಡ ಹುಡುಗನಿಗೆ ಹೇಳೋ ಹಂಗೆ ನಿಧಾನವಾಗಿ ಹೇಳಿದ್ರು.

"ಏನ್ರಿ ಶಂಕರಲಿಂಗಪ್ಪ, ಇಷ್ಟೂ ಹೊಳೀಲಿಲ್ವಾ? ಫೋಟೋ ತೆಗೆದೋನು ಅವ್ನೇ ಅಲ್ವೇನ್ರಿ. ತೆಗಿಯೋನು ಫೋಟೋದಲ್ಲಿ ಹೆಂಗ್ ಬರ್ತಾನೆ?"

"ಓ, ಅಂಗೋ!"

"ಮತ್ತೆ! ಅಲ್ವೇನಪ್ಪ ತಿಪ್ಪೇಶು?"

ಒಂದು ಮಾತು ಸಾಕಾಗಿತ್ತು. ತಪ್ಪು ಫೈಲ್ ಹೋಗೈತೆ ಮಾವ, ಬೇರೆ ಮಾಡ್ಸಿ ತರ್ತೀನಿ ಅಂದಿದ್ರೆ ಮುಗೀತಿತ್ತು, ಜನ ನಕ್ಕು ಉಣ್ಣಕ್ಕೆ ಕೂರ್ತಿದ್ರು. ಅವತ್ತು ಫೋಟೋ ತೆಗೆದಿದ್ದ ರುದ್ರಯ್ಯ ಅಲ್ಲೇ ಬಾಗ್ಲ ಹತ್ರ ಹೊಸ ಪಂಚೆ ಉಟ್ಕೊಂಡು ನಿಂತಿದ್ದ. ಅವನೂ ಹೌದು ಹೌದು ಅಂತ ತಲೆ ಆಡಿಸ್ತಿದ್ದ.

ತಿಪ್ಪೇಶ ಸಹನಾ ಕಡೆ ನೋಡ್ದ. ಅವಳು ತಾಂಬೂಲದ ಕವರಿಗೆ ಅಡಿಕೆ ಪೊಟ್ಟಣ ಹಾಕ್ತಾ ಇದ್ಲು. ತಲೆ ಎತ್ಲಿಲ್ಲ.

"ಹೂಂ ಮಾವ" ಅಂದ.

ಎಷ್ಟು ಸಲೀಸಾಗಿ ಬಂತು ಅಂದ್ರೆ ಅವನಿಗೇ ಆಶ್ಚರ್ಯ. ಅಂದು ಮುಗಿಸಿದ ಮೇಲೆ ನೆನಪೂ ಅದಕ್ಕೆ ತಕ್ಕಂಗೆ ಹೊಂದಿಕೊಂತಾ ಬಂತು. ಅವತ್ತು ಮೊಬೈಲ್ ಹಿಡಿದಿದ್ದು ತಾನೇ ಏನೋ. "ಅತ್ತೆ, ಸೆರಗು ಸರಿ ಮಾಡ್ಕಳಿ" ಅಂದಿದ್ದು ತಾನೇ ಏನೋ. ಬಿಸಿಲಿಗೆ ಸ್ಕ್ರೀನು ಕಾಣದೆ ಕೈ ಅಡ್ಡ ಹಿಡಿದಿದ್ದೂ ನೆನಪಾಯ್ತು. ಹಿಡಿದ ಕೈ ಸಿಮೆಂಟು ಸಿಮೆಂಟಾಗಿತ್ತು.

ಸಾಮಾನು ರೂಮಿಗೆ ಹೋಗಿ ಮೊಬೈಲ್ ತೆಗೆದ. ಸರಿಯಾದ ಫೈಲ್ ಅಲ್ಲೇ ಇತ್ತು. ಬಿಳೀ ಚೌಕಟ್ಟಿನ ಮೇಲೆ ಕೈ ಊರಿ ಒಬ್ಬ ಮನುಷ್ಯ ಈಚೆ ಬಗ್ಗಿದ್ದ. ಹಲ್ಲು ಕಾಣೋ ಹಂಗೆ ನಕ್ಕಿದ್ದ. ಏನೋ ಮಾರಕ್ಕೆ ಬಂದೋನ ಹಂಗಿದ್ದ. ಇಂಥೋನು ಗೋಡೆ ಮೇಲಿಂದ ದಿನಾ ಉಣ್ಣೋವಾಗ ನೋಡ್ತಿದ್ರೆ ಅನ್ನ ಇಳೀತಿತ್ತಾ? ನೆರಳೂ ಜಾಸ್ತೀನೇ ಆಗಿತ್ತು.

ಸಹನಾ ಬಂದ್ಲು, ಎಲೆ ಕಟ್ಟು ಹುಡುಕ್ಕೊಂಡು.

"ಫೋಟೋ ಚೆನ್ನಾಗಿ ಬಂದೈತಾ?" ಅಂದ.

"ಹೂಂ. ನಡುಮನೆ ದೊಡ್ಡದಾಗಿ ಕಾಣ್ತೈತೆ."

"ನೀನು ಹೇಳಿದ್ದಂಗೇ ಐತಾ?"

ಅವಳು ಅವನ ಮುಖ ನೋಡಿದ್ಲು. ನೋಡಬೇಕಾದ್ದಕ್ಕಿಂತ ಚೂರು ಜಾಸ್ತಿ ಹೊತ್ತೇ ನೋಡಿದ್ಲು. ಏನೋ ಹೇಳ್ತಾಳೆ ಅನ್ನಿಸ್ತು. ಕೈ ಚಾಚಿದ್ಲು. ಅವನ ಕಾಲರ್ ಮೇಲೆ ಪಾರ್ಸಲ್ಲಿನ ಟೇಪು ತುಂಡೊಂದು ಅಂಟಿತ್ತು. ಕಿತ್ತು ಬಾಗ್ಲ ಚೌಕಟ್ಟಿಗೆ ಅಂಟಿಸಿದ್ಲು.

"ನಾನೇನ್ ಹೇಳಿದ್ದೆ?" ಅಂದ್ಲು. "ಎಲೆ ಸಾಲಲ್ವಂತೆ ಕಣ್ರೀ. ಪೇಪರ್ ಎಲೆ ಇದ್ರೆ ತಂದ್ಬುಡಿ."

ತಂದುಕೊಟ್ಟ.

ಊಟ ಬಲೇ ಸೊಗಸಾಗಿತ್ತು. ಕಾಯೊಬ್ಬಟ್ಟು, ಕೋಸಂಬರಿ, ಹುರುಳಿಕಾಯಿ ಪಲ್ಯ, ತಿಳಿಸಾರು. ತಿಪ್ಪೇಶ ತುಪ್ಪದ ಗಿಂಡಿ ಹಿಡ್ಕೊಂಡು ಪಂಕ್ತಿ ಪಂಕ್ತಿ ಓಡಾಡ್ದ. ಸಾಕು ಸಾಕು ಅಂದೋರಿಗೂ ಹಾಕ್ದ. ಬೆಟ್ಟದ ಕಡೆಯಿಂದ ಗಾಳಿ ಬಂದು ಶಾಮಿಯಾನ ಉಬ್ಬಿ ಉಬ್ಬಿ ಇಳೀತಿತ್ತು. ಯಾರೋ ಅವನ್ನ "ಏ ತುಪ್ಪ!" ಅಂತ ಕರೆದ್ರು. ಹೋದ. ಹೊಟ್ಟೆ ತುಂಬ ಉಂಡ. ಇಂಥ ಸುಖದ ದಿನ ಇನ್ನೊಂದು ಅವನಿಗೆ ನೆನಪಿರ್ಲಿಲ್ಲ.

ಊಟ ಆದೋರೆಲ್ಲ ನಡುಮನೇಲಿ ಸೇರಿದ್ರು. ಸೆಲ್ಫಿ ಶುರುವಾಯ್ತು. ಹೊಸ ಫೋಟೋ ಮುಂದೆ ನಿಂತು ತೆಗೆಸ್ಕೊಳ್ಳೋದು. ಕಿರಣ್ ಕುಮಾರ ಸೋಫಾ ಮೇಲೆ ಹತ್ತಿ ಮೊಬೈಲ್ ಹಿಡಿದಿದ್ದ.

"ಮೇಷ್ಟ್ರೇ, ಆ ಮಧ್ಯಕ್ಕೆ ಬನ್ನಿ. ಅಲ್ಲಿ ಜಾಗ ಐತೆ ನೋಡಿ. ಯಾರ ಮುಖಾನೂ ಮುಚ್ಚಲ್ಲ."

ಶಂಕರಲಿಂಗಪ್ಪ ಹೋಗಿ ನಿಂತ್ರು. ಎಡಕ್ಕೆ ಗೋಡೆ ಮೇಲಿನ ಸಹನಾ, ಬಲಕ್ಕೆ ಗೋಡೆ ಮೇಲಿನ ಲೋಹಿತಾ, ಹಿಂದೆ ಕಿರಣನ ದಪ್ಪ ತೋಳು. ಆ ಜಾಗಕ್ಕೆ ಅಳತೆ ಕೊಟ್ಟು ಹೊಲಿಸಿದಂಗೆ ಕೂತ್ರು. ಟ್ಯೂಬ್‌ಲೈಟಿನ ಬೆಳಕಿಗೆ ಅವ್ರ ನೆರಳು ಗೋಡೆ ಮೇಲೆ ಹದವಾಗಿ ಬಿದ್ದಿತ್ತು. ಮನೆಯೋರೆಲ್ಲ ಸಾಲಾಗಿ ಹಿಂದೆ, ಒಬ್ಬ ಮನುಷ್ಯ ಮಾತ್ರ ಎದ್ದು ಈಚೆ ಬಂದಂಗೆ.

ತಿಪ್ಪೇಶ ಬೆರಗಾಗಿ ನೋಡ್ದ. ಇಷ್ಟು ವರ್ಷ ಎಳೆದೂ ಎಳೆದೂ ಅವನ ಕೈಗೆ ಸಿಕ್ಕದೇ ಇದ್ದಿದ್ದು ಇದು.

"ನೆಕ್ಸ್ಟ್!"

ಟೈಲ್ಸ್ ಅಂಗಡಿಯೋನು ನಿಂತ. ಸರಿಯಾಗೇ ಕೂತ. ಪಕ್ಕದ ಸೈಟಿನೋನು ನಿಂತ. ಅವನೂ ಕೂತ. ರುದ್ರಯ್ಯನ್ನ ಎಳ್ಕೊಂಡು ಬಂದು ನಿಲ್ಲಿಸಿದ್ರು, ನಾಚ್ಕೊಂಡು ಕೈ ಕಟ್ಟಿ ನಿಂತ. ಅವನಂತೂ ಆ ಮನೇಲೇ ಹುಟ್ಟಿದೋನ ಹಂಗೆ ಕಂಡ. ಒಬ್ಬೊಬ್ರು ಬಂದು ನಿಂತಾಗೂ "ಆಹಾ, ಏನ್ ತ್ರೀಡಿ!" ಅಂತ ಜನ ಕೂಗಿದ್ರು.

"ರೀ" ಅಂದ್ಲು ಸಹನಾ. "ನೀವೂ ಒಂದು ತೆಗೆಸ್ಕಳಿ ಬನ್ನಿ. ನಾವೆಲ್ಲ ನಿಂತ್ಕಂತೀವಿ."

ಅಂದು ಫೋಟೋ ಕೆಳಗೆ ಬಂದು ನಿಂತ್ಲು. ಲೋಹಿತಾ ಬಂದ್ಲು. ಹೆಡ್ಮಾಸ್ಟ್ರು, ದಾಸಮ್ಮ ಬಂದ್ರು. ಗೋಡೆ ಮೇಲೆ ಒಂದು ಸಾಲು, ಕೆಳಗೆ ಅದೇ ಸಾಲು. ತಿಪ್ಪೇಶ ಕೈ ಒರೆಸ್ಕೊಂಡು ಹೋಗಿ ಮಧ್ಯದಲ್ಲಿ ನಿಂತ. ಅಂಗಿ ಎಳ್ಕೊಂಡ.

ಕಿರಣ ಮೊಬೈಲಲ್ಲಿ ನೋಡ್ದ. ಕತ್ತು ವಾರೆ ಮಾಡ್ದ.

"ಭಾವ, ಚೂರು ಪಕ್ಕಕ್ಕೆ. ನೀವು ಉದ್ದ. ಮೇಲಿನ ಫೋಟೋ ಮುಚ್ಕೊಂತೈತೆ."

ಸರಿದ.

"ಈಗ ಮೇಲಿನ ಲೋಹಿತಾನ ಮುಚ್ಚಿದ್ರಿ. ಇನ್ನೊಂಚೂರು."

ಸರಿದ.

"ಅಮ್ಮನ ಮೂಗುಬಟ್ಟು ಮುಚ್ತು ಭಾವ. ಬೆಳಕಿಗೂ ಅಡ್ಡ ಬಂತು. ಇನ್ನೂ ಸರೀರಿ. ಹಾಂ. ಇನ್ನೊಂದು ಹೆಜ್ಜೆ."

"ಸಾಕಾ?"

"ಇನ್ನೊಂದೇ."

ಬೆನ್ನ ಹಿಂದೆ ಗೋಡೆ ಮುಗಿದು ಬಾಗ್ಲು ಬಂತು. ದಾಟಿದ. ಕಾಲ ಕೆಳಗೆ ಟೈಲ್ಸು ತಣ್ಣಗಿದ್ದಿದ್ದು ಬಿಸಿ ಆಯ್ತು. ಆಚೆ ಬಿಸಿಲಿತ್ತು.

"ಹಾಂ, ಈಗ ಸರಿ ಹೋಯ್ತು! ಯಾರೂ ಅಲ್ಲಾಡ್ಬೇಡಿ!"

ಒಳಗೆ ಎಲ್ಲಾರೂ ನಕ್ಕಿದ್ದು ಕೇಳಿಸ್ತು. ಆಮೇಲೆ "ತೋರ್ಸು, ತೋರ್ಸು" ಅಂತ ಮೊಬೈಲ್ ಸುತ್ತ ಮುತ್ಕೊಂಡ ಸದ್ದು. ಯಾರೂ ಒಳೀಕೆ ಬಾ ಅನ್ಲಿಲ್ಲ. ಹೋಗು ಅಂತಾನೂ ಅನ್ಲಿಲ್ಲ.

ಪಾವಗಡದ ಬಸ್ಸಿಗೆ ಬಂದ ಒಬ್ಬ ಯಜಮಾನ ಗೇಟು ತಳ್ಳಿ ಬಂದ. ದಾಸಮ್ಮನ ಕಡೆ ನೆಂಟ ಇರ್ಬೇಕು. ತಿಪ್ಪೇಶನ್ನ ನೋಡ್ದ.

"ದಾಸಮ್ಮನ ಮಗಳ ಮನೆ ಇದೇನಾ ನಾಯ್ನಾ?"

"ಇದೇ. ಬನ್ನಿ."

ಯಜಮಾನ ಚಪ್ಪಲಿ ಬಿಟ್ಟ. ಎರಡು ಹೆಜ್ಜೆ ಹೋದೋನು ಅನುಮಾನ ಬಂದು ತಿರುಗಿ ಬಂದ. ಚಪ್ಪಲಿ ಎತ್ತಿ ತಿಪ್ಪೇಶನ ಕಾಲ ಹತ್ರಾನೇ ತಂದು ಜೋಡಿಸಿಟ್ಟ.

"ಹೊಸಾವು ನಾಯ್ನಾ. ನಿನ್ನೆ ತಗೊಂಡಿದ್ದು. ಚೂರು ನೋಡ್ಕೊಂತಿರು."

"ಆಗ್ಲಿ" ಅಂದ ತಿಪ್ಪೇಶ.

ಯಜಮಾನ ಒಳಗೆ ಹೋದ. "ಬನ್ನಿ ಬನ್ನಿ ಬನ್ನಿ" ಅಂತ ಮನೆ ಎದ್ದು ನಿಂತು ಕರೀತು.

ತಿಪ್ಪೇಶ ಬಗ್ಗಿ ಆ ಹೊಸ ಚಪ್ಪಲಿ ನೆಟ್ಟಗೆ ಮಾಡ್ದ. ಪಕ್ಕದ್ದೂ ಚದುರಿತ್ತು, ಅದನ್ನೂ ಮಾಡ್ದ. ಅದರ ಪಕ್ಕದ್ದನ್ನೂ. ಕೆಲ್ಸ ಅಂತ ಸಿಕ್ರೆ ಅವನ ಕೈ ಸುಮ್ನೆ ಇರ್ತಿರ್ಲಿಲ್ಲ. ಚಿಕ್ಕವು ಮುಂದಕ್ಕೆ, ದೊಡ್ಡವು ಹಿಂದಕ್ಕೆ. ಹೆಂಗಸರದು ಒಂದು ಕಡೆ, ಗಂಡಸರದು ಒಂದು ಕಡೆ. ಕೊನೆಗೆ ಎಲ್ಲ ಸಾಲಾಗಿ, ಕಾಲೇ ಇಲ್ಲದೆ, ರಸ್ತೆ ಕಡೆ ಮುಖ ಮಾಡ್ಕೊಂಡು ನಿಂತ್ವು.

ಮಧ್ಯದಲ್ಲಿ ಒಬ್ಬನಿಗೆ ಆಗೋವಷ್ಟು ಜಾಗ ಉಳಿದಿತ್ತು. ತಿಪ್ಪೇಶ ಅಲ್ಲಿ ಹೋಗಿ ನಿಂತ. ಬರಿಗಾಲು ಸುಡ್ತಾ ಇತ್ತು. ಅಂಗಿ ಎಳ್ಕೊಂಡು, ಗದ್ದ ಚೂರು ಮೇಲೆ ಮಾಡಿ, ಖಾಲಿ ರಸ್ತೆ ನೋಡ್ತಾ ಕಣ್ಣು ಮಿಟುಕಿಸದೆ ಹಂಗೇ ನಿಂತ.